ಬೆನ್ನಿಗೆ ಹತ್ತಿದ ಹೊಟ್ಟು

ಕೊಟ್ಟೂರಿನಲ್ಲಿ ನಮ್ಮ ಚಿಕ್ಕಪ್ಪನ ಶೇಂಗಾ ಗಿರಣಿ ನಿಂತುಹೋದ ಮೇಲೆ ಅದರ ಗೋದಾಮಿನಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಜೂಡೊ ಆಡುವುದನ್ನು ಬಿಟ್ಟು ನಾನು ಊರಿಗೆ ಬಂದ ವರ್ಷ ಅವನ್ನೆಲ್ಲ ಎಬ್ಬಿಸಿ ಕಳಿಸಿ ಅಲ್ಲಿ ಮಕ್ಕಳಿಗೆ ತರಬೇತಿ ಶುರು ಮಾಡಿದೆ. ಮ್ಯಾಟು ಬೇಕೆಂದು ಅರ್ಜಿ ಹಾಕಿದ್ದೆ. ಆ ಅರ್ಜಿ ಯಾವ ಮೇಜಿನ ಮೇಲೆ ಹೋಗಿ ಕೂತಿತೋ ದೇವರಿಗೇ ಗೊತ್ತು. ಕಾದು ಕಾದು ತಲೆ ಕೆಟ್ಟು, ಗೋದಾಮಿನ ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದ ಶೇಂಗಾ ಹೊಟ್ಟನ್ನೇ ಗೋಣಿಚೀಲಗಳಿಗೆ ತುಂಬಿ, ದಬ್ಬಣದಿಂದ ಬಾಯಿ ಹೊಲಿದು, ಸಾಲಾಗಿ ಹಾಸಿ, ಮೇಲೆ ಲಾರಿಯ ಹಳೆಯ ತಾಡಪಾಲು ಬಿಗಿದೆ. ಮೊದಲ ದಿನ ಅದರ ಮೇಲೆ ನಾನೇ ಒಂದು ಉರುಳು ಉರುಳಿ ತೋರಿಸಿದಾಗ ಹೊಟ್ಟು ಗರಗರ ಎಂದಿತು, ತಾಡಪಾಲಿನ ಹರುಕಿನಿಂದ ಕೆಂಪು ದೂಳು ಎದ್ದಿತು, ಸಾಲಾಗಿ ನಿಂತಿದ್ದ ಹದಿನಾಲ್ಕು ಮಕ್ಕಳೂ ಸೀನಿದರು. ಅದೇ ನಮ್ಮ ಉದ್ಘಾಟನೆ.

ಆಗ ನನಗೆ ಮೂವತ್ತು ತುಂಬಿತ್ತು. ಎಡ ಮೊಣಕಾಲನ್ನು ಎರಡು ಸಲ ಕೊಯ್ಯಿಸಿಕೊಂಡಿದ್ದೆ. ಹದಿಮೂರನೇ ವಯಸ್ಸಿಗೆ ಕ್ರೀಡಾ ಹಾಸ್ಟೆಲ್ಲಿಗೆ ಸೇರಿದವಳು ಹದಿನೇಳು ವರ್ಷ ಬೇರೇನೂ ಮಾಡಿರಲಿಲ್ಲ. ಬೆಳಿಗ್ಗೆ ಎದ್ದರೆ ಜೂಡೊ, ಮಲಗಿದರೆ ಕನಸಿನಲ್ಲೂ ಯಾರದೋ ಕಾಲರ್ ಹಿಡಿದಿರುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಹೇಳುತ್ತಾಳೆ. ಆಟದಲ್ಲಿ ಅದು ಕೆಲಸಕ್ಕೆ ಬಂದಿತ್ತು. ಊರಿಗೆ ಬಂದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮಕ್ಕಳ ಮೇಲೆ, ಹಾಲಿನವನ ಮೇಲೆ, ಬಸ್ಸಿನ ಕಂಡಕ್ಟರ್ ಮೇಲೆ ತೋರಿಸಿಕೊಂಡು ತಿರುಗುತ್ತಿದ್ದೆ.

ಒಲಿಂಪಿಕ್ಸಿಗೆ ಹೋಗಿದ್ದೆ ಎಂದರೆ ಜನ ಕಣ್ಣರಳಿಸುತ್ತಾರೆ. ನಿಜ, ಹೋಗಿದ್ದೆ. ಆದರೆ ಅಲ್ಲಿ ನಾನು ಆಡಿದ್ದು ಒಂದೇ ಆಟ, ಅದೂ ಒಂದು ಲೋಟ ಚಹಾ ಆರುವಷ್ಟು ಹೊತ್ತಲ್ಲ. ಜೂಡೊದಲ್ಲಿ ಎದುರಾಳಿಯನ್ನು ಜೋರಾಗಿ, ಪೂರ್ತಿ ಬೆನ್ನ ಮೇಲೆ ಕೆಡವಿದರೆ ಆಟ ಅಲ್ಲಿಗೇ ಮುಗಿಯಿತು. ನನ್ನದು ಹಾಗೆ ಮುಗಿಯಿತು. ಎದ್ದೆ, ಅಂಗಿ ಸರಿ ಮಾಡಿಕೊಂಡೆ, ಆ ಹುಡುಗಿಗೆ ಬಾಗಿ ನಮಸ್ಕರಿಸಿದೆ, ಹೊರಗೆ ಬಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಅಷ್ಟೇ ನನ್ನ ಒಲಿಂಪಿಕ್ಸ್.

ಸೋತಿದ್ದು ದೊಡ್ಡ ಮಾತಲ್ಲ, ಎಷ್ಟೋ ಸಲ ಸೋತಿದ್ದೆ. ಆದರೆ ಆ ಸೋಲಿನ ಫೋಟೊ ಪೇಪರಿನಲ್ಲಿ ಬಂತು. ನನ್ನ ಕಾಲುಗಳು ಆಕಾಶಕ್ಕೆ, ಬೆನ್ನು ನೆಲಕ್ಕೆ, ಬಾಯಿ ತೆರೆದುಕೊಂಡಿದೆ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿಯ ಹೋಟೆಲೊಂದಿದೆ. ನಾನು ಚಿಕ್ಕವಳಿದ್ದಾಗಿನಿಂದ ಕಾಕಾ ಎಂದು ಕರೆಯುವ ಅದರ ಮಾಲೀಕ ಆ ಫೋಟೊ ಕತ್ತರಿಸಿ, ಕಟ್ಟು ಹಾಕಿಸಿ, ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಪಟಗಳ ಪಕ್ಕದಲ್ಲೇ ನೇತುಹಾಕಿದ. ಅವನಿಗೆ ಅದು ಹೆಮ್ಮೆ. ಊರಿಗೆ ಬಂದ ಮೊದಲ ವಾರವೇ ಅದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ತೆಗೆಯಿರಿ ಎಂದು ಜಗಳ ತೆಗೆದೆ. ಪೇಪರಿನವರು ಹಾಕಿದ್ದೇ ಇದು, ಬೇರೆ ಫೋಟೊ ನಾನೆಲ್ಲಿಂದ ತರಲಿ ಎಂದು ಅವನು ಸಮಾಧಾನವಾಗಿ ಮಿರ್ಚಿ ಕರಿಯುತ್ತಾ ಕೇಳಿದ. ಅಂದಿನಿಂದ ಆ ಹೋಟೆಲಿನ ಮುಂದೆ ಹಾಯುವಾಗ ತಲೆ ಆ ಕಡೆ ತಿರುಗಿಸದೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಅಲ್ಲಿನ ಮಿರ್ಚಿ ಎಂದರೆ ನನಗೆ ಪ್ರಾಣ, ಅದನ್ನೂ ಬಿಟ್ಟೆ.

ಹೊರಗಿನವರಿಗೆ ಇದು ಅತಿಯೆನಿಸಬಹುದು. ನಮ್ಮ ಕಡೆಯವರಿಗೆ ಅನಿಸುವುದಿಲ್ಲ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಎಲ್ಲಿ ಹೋದರೂ ಗರಡಿಮನೆ ಇದ್ದ ಊರುಗಳೇ. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿತೆಂದರೆ ಮುಗಿಯಿತು, ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನಮ್ಮಪ್ಪನೂ ಕುಸ್ತಿ ಹಿಡಿಯುತ್ತಿದ್ದ. ನನಗೆ ಏಳೆಂಟು ವರ್ಷವಿದ್ದಾಗ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕುಸ್ತಿಯಲ್ಲಿ ಸೋತ. ಮನೆಗೆ ಬರುವ ಮೊದಲು, ಜೊತೆಗಿದ್ದ ನನ್ನನ್ನು ಬೋರಿಂಗಿನ ಹತ್ತಿರ ಕರೆದುಕೊಂಡು ಹೋಗಿ, ಟವೆಲ್ಲನ್ನು ಒದ್ದೆ ಮಾಡಿ ಕೊಟ್ಟು, ಬೆನ್ನು ತಿರುಗಿಸಿ ಕೂತ. ಕೆಂಪು ಮಣ್ಣು ಬೆವರಿಗೆ ಅಂಟಿ ಗಟ್ಟಿಯಾಗಿತ್ತು. ಉಜ್ಜಿ ಉಜ್ಜಿ ತೆಗೆದೆ. ಇನ್ನೂ ಐತೇನು ಎಂದು ಮೂರು ಸಲ ಕೇಳಿದ. ಅವ್ವನ ಮುಂದೆ ಅವನು ಸೋತ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು, ಆ ಟವೆಲ್ಲಿನ ಬಣ್ಣ ಮಾತ್ರ ಇನ್ನೂ ಕಣ್ಣಲ್ಲಿದೆ.

ಜೂಡೊ ಕಲಿಸುವಾಗ ಮೊದಲ ಪಾಠ ಬೀಳುವುದು. ಗದ್ದವನ್ನು ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ನೆಲ ತಾಕುವ ಹೊತ್ತಿಗೆ ಸರಿಯಾಗಿ ಅಂಗೈ ಚಾಚಿ ಮ್ಯಾಟಿಗೆ ಬಡಿಯಬೇಕು. ಆಗ ಪೆಟ್ಟೆಲ್ಲ ಕೈಯಿಂದ ಹೊರಗೆ ಹೋಗುತ್ತದೆ. ಬೇರೆ ಊರುಗಳಲ್ಲಿ ಮಕ್ಕಳು ಇದನ್ನು ಎರಡು ವಾರಕ್ಕೆ ಕಲಿಯುತ್ತಾರೆ. ನನ್ನ ಮಕ್ಕಳು ಎರಡು ತಿಂಗಳಾದರೂ ಕಲಿಯಲಿಲ್ಲ. ಒಬ್ಬೊಬ್ಬರೇ ಬೀಳು ಎಂದರೆ ಚೆಂದವಾಗಿ ಬೀಳುತ್ತಿದ್ದರು. ಇನ್ನೊಬ್ಬರು ಕೆಡವಲು ಬಂದರೆ ಮಾತ್ರ ಬೆನ್ನು ಉಳಿಸಿಕೊಳ್ಳಲು ಗಾಳಿಯಲ್ಲೇ ಹೊರಳುವುದು, ಮೊಣಕೈ ಊರುವುದು, ಹೊಟ್ಟೆಯ ಮೇಲೆ ಬೀಳುವುದು. ಕೈ ಉಳುಕಿಸಿಕೊಳ್ಳದವರೇ ಇರಲಿಲ್ಲ. ಅಪ್ಪ, ಅಜ್ಜ, ಮಾವಂದಿರೆಲ್ಲ ಹೇಳಿಕೊಟ್ಟದ್ದು ಅದೇ ತಾನೆ? ಪ್ರಾಣ ಹೋದರೂ ಬೆನ್ನು ಕೊಡಬೇಡ.

ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಬೀಳ್ರೋ, ಬಿದ್ದರೆ ಸಾಯುವುದಿಲ್ಲ ಎಂದು ಬೈಯುತ್ತಿದ್ದೆ. ಅವರು ಕೇಳುತ್ತಿರಲಿಲ್ಲ. ಏಕೆ ಕೇಳುತ್ತಿರಲಿಲ್ಲ ಎಂದು ಈಗ ತಿಳಿಯುತ್ತದೆ. ಒಂಟಿಯಾಗಿ ಬಿದ್ದು ತೋರಿಸುತ್ತಿದ್ದೆನೇ ಹೊರತು, ಆ ಗೋದಾಮಿನಲ್ಲಿ ಒಬ್ಬರ ಕೈಯಿಂದಲೂ ನಾನು ಬಿದ್ದಿರಲಿಲ್ಲ. ಮಕ್ಕಳ ಜೊತೆ ಹಿಡಿತಕ್ಕೆ ನಿಂತರೆ ಎಲ್ಲರನ್ನೂ ಕೆಡವುತ್ತಿದ್ದೆ. ಹನ್ನೆರಡು ವರ್ಷದ ಪೋರನನ್ನೂ ಬಿಡುತ್ತಿರಲಿಲ್ಲ. ಮಕ್ಕಳು ನನ್ನ ಬಾಯಿ ನೋಡಲಿಲ್ಲ, ನನ್ನ ಬೆನ್ನು ನೋಡಿದರು.

ಅವರಲ್ಲಿ ಒಬ್ಬಳು ಮಾತ್ರ ಬೇರೆ. ಹರಪನಹಳ್ಳಿ ಕಡೆಯ ಅರಸೀಕೆರೆ ದಾಟಿ ಉಚ್ಚಂಗಿದುರ್ಗದ ಕಡೆ ಒಂದು ಹಳ್ಳಿಯವಳು, ಕುರಿ ಸಾಕುವವರ ಮನೆಯ ಹುಡುಗಿ. ಕೊಟ್ಟೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಎಂಟನೇ ಕ್ಲಾಸು ಓದುತ್ತಿದ್ದಳು. ಅವರ ಮನೆಯಲ್ಲಿ ಗರಡಿಯೂ ಇಲ್ಲ, ಕುಸ್ತಿಯೂ ಇಲ್ಲ. ಕೆಡವಿದರೆ ಜೋಳದ ಚೀಲ ಬಿದ್ದಂತೆ ಧೊಪ್ಪೆಂದು ಬಿದ್ದು, ನಗುತ್ತಾ ಎದ್ದು, ಮತ್ತೆ ಬರುತ್ತಿದ್ದಳು. ಇನ್ನು ಅವಳ ಹಿಡಿತವೋ, ಕುರಿಯ ಕಾಲು ಹಿಡಿದು ಹಿಡಿದು ಬೆರಳುಗಳು ಇಕ್ಕಳದಂತಾಗಿದ್ದವು. ಆರು ತಿಂಗಳಿಗೆ ತನಗಿಂತ ಹೆಚ್ಚು ತೂಕದವರನ್ನೂ ಸೊಂಟದ ಮೇಲೆ ಹೊತ್ತು ಎಸೆಯತೊಡಗಿದಳು. ಮುಂದಿನ ವರ್ಷದ ರಾಜ್ಯಮಟ್ಟದ ಆಯ್ಕೆಗೆ ಅವಳನ್ನು ಒಯ್ದರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು ಗ್ಯಾರಂಟಿ ಎಂದು ನನಗೆ ಅನಿಸಿತ್ತು. ಸೀಟು ಸಿಕ್ಕರೆ ಓದೂ ಮುಂದುವರಿಯುತ್ತದೆ. ಸಿಗದಿದ್ದರೆ ಹತ್ತನೇ ಕ್ಲಾಸಿಗೆ ಓದು ಸಾಕು ಎನ್ನುವ ಮನೆ ಅವರದು, ಅದನ್ನು ಅವಳೇ ಹೇಳಿದ್ದಳು.

ಅವಳದೊಂದು ಅಭ್ಯಾಸ ನನಗೆ ಹಿಡಿಸುತ್ತಿರಲಿಲ್ಲ. ಯಾರನ್ನು ಕೆಡವಿದರೂ ಅವರ ಅಂಗಿಯ ತೋಳನ್ನು ಬಿಡುತ್ತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಆ ತೋಳನ್ನು ಮೇಲಕ್ಕೆ ಜಗ್ಗಿ, ಅವರ ತಲೆ ನೆಲಕ್ಕೆ ಬಡಿಯದಂತೆ ಮೆಲ್ಲಗೆ ಇಳಿಸುತ್ತಿದ್ದಳು. ಹೊಸಬರಿಗೆ ಜೂಡೊದಲ್ಲಿ ಹೇಳಿಕೊಡುವುದೇ ಹಾಗೆ. ನನಗೂ ಹದಿಮೂರನೇ ವಯಸ್ಸಿನಲ್ಲಿ ಹೇಳಿಕೊಟ್ಟಿದ್ದರು. ಆದರೆ ಹದಿನೇಳು ವರ್ಷ ಗೆಲ್ಲಲೆಂದೇ ಆಡಿದವಳಿಗೆ ಅದೆಲ್ಲ ಮರೆತೇಹೋಗಿತ್ತು. ಕೆಡವು, ಬಿಡು, ಅವರ ಮೇಲೆಯೇ ಬೀಳು, ಏಳಲು ಕೊಡಬೇಡ ಎನ್ನುತ್ತಿದ್ದೆ ನಾನು. ಇದು ಕುರಿ ಅಲ್ಲ ಆಟ ಎಂದು ರೇಗಿದರೆ ಅವಳು ತಲೆ ಕೆರೆದುಕೊಂಡು, "ಬಿಟ್ರ ತಲಿಗಿ ಪೆಟ್ಟಾಗತೈತಲ್ರಿ ಅಕ್ಕಾರ" ಎನ್ನುತ್ತಿದ್ದಳು. ಮರುದಿನ ಮತ್ತೆ ಅದೇ.

ಆಯ್ಕೆಗೆ ತಿಂಗಳಿತ್ತು. ಮಕ್ಕಳ ಪ್ರಯಾಣಕ್ಕೆ ಊರಿನವರು ಏನಾದರೂ ನೆರವಾಗಲೆಂದು ಒಂದು ಸಂಜೆ ಗೋದಾಮಿನಲ್ಲಿ ಪ್ರದರ್ಶನ ಇಟ್ಟೆ. ಶಾಲೆಯ ಮೇಷ್ಟರುಗಳು ಬಂದರು, ವ್ಯಾಪಾರಸ್ಥರು ಬಂದರು. ನಮ್ಮಪ್ಪನ ಕಾಲದ ಇಬ್ಬರು ಹಳೇ ಪೈಲ್ವಾನರು ರುಮಾಲು ಸುತ್ತಿಕೊಂಡು ಬಂದು ಮುಂದಿನ ಸಾಲಿನ ಬೆಂಚಿನಲ್ಲಿ ಕೂತರು. ಅವರನ್ನು ನೋಡಿದ್ದೇ ನಾನು ಸೊಂಟದ ಬೆಲ್ಟು ಬಿಚ್ಚಿ ಇನ್ನೊಮ್ಮೆ ಬಿಗಿದು ಕಟ್ಟಿಕೊಂಡೆ. ಕೊನೆಗೆ, ಈ ಹುಡುಗಿಯ ಪಟ್ಟು ತೋರಿಸಲು ನಾನೇ ಅವಳೆದುರು ನಿಂತೆ. ಅವಳು ಒಳಗೆ ಬಂದು ಕೆಡವುತ್ತಾಳೆ, ನಾನು ಬೀಳುತ್ತೇನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇಷ್ಟೇ ಆಗಬೇಕಿದ್ದುದು.

ಅವಳು ಬಂದಳು. ಎಷ್ಟು ಚೆಂದ ಬಂದಳೆಂದರೆ, ನನ್ನ ಕಾಲು ನೆಲ ಬಿಟ್ಟದ್ದೇ ನನಗೆ ಗೊತ್ತಾಗಲಿಲ್ಲ. ಸೂರು ಕಂಡಿತು. ಬೆಂಚಿನ ಮೇಲಿನ ರುಮಾಲುಗಳು ತಲೆಕೆಳಗಾಗಿ ಕಂಡವು. ಬಿದ್ದುಬಿಡಬಹುದಿತ್ತು. ಬೀಳಲಿಲ್ಲ. ಗಾಳಿಯಲ್ಲೇ ಸೊಂಟ ತಿರುವಿ, ಅವಳ ಕಾಲಿಗೆ ನನ್ನ ಕಾಲು ಸಿಕ್ಕಿಸಿ, ಅವಳನ್ನು ಕೆಳಗೆ ಹಾಕಿಕೊಂಡು ಮೇಲೆ ಬಿದ್ದೆ. ಅವಳು ಆಗಲೂ ನನ್ನ ತೋಳು ಬಿಟ್ಟಿರಲಿಲ್ಲ, ನನ್ನ ತಲೆ ಉಳಿಸಲೆಂದು ಹಿಡಿದೇ ಇದ್ದಳು. ಕೈ ಖಾಲಿ ಇದ್ದಿದ್ದರೆ ಮ್ಯಾಟಿಗೆ ಬಡಿದು ತನ್ನನ್ನು ಉಳಿಸಿಕೊಳ್ಳುತ್ತಿದ್ದಳು. ಹೆಗಲು ಮೊದಲು ನೆಲಕ್ಕೆ ಹೋಯಿತು, ಅದರ ಮೇಲೆ ನಾನು. ಹೊಟ್ಟಿನ ಗರಗರದ ನಡುವೆ ಇನ್ನೊಂದು ಸಣ್ಣ ಸದ್ದು ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು, ಅವರಿಗೇನು ಗೊತ್ತು. ಅವಳು ಅಳಲಿಲ್ಲ. ಬೆವರಿ ಬಿಳಿಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಕುತ್ತಿಗೆಯಿಂದ ಹೆಗಲಿಗೆ ಹೋಗುವ ಎಲುಬು ಮುರಿದಿತ್ತು. ಪಟ್ಟಿ ಕಟ್ಟಿದ ಡಾಕ್ಟರು ಆರು ವಾರ ಕೈ ಅಲ್ಲಾಡಿಸುವಂತಿಲ್ಲ ಎಂದರು. ಮರುದಿನ ಅವಳ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಆಸ್ಪತ್ರೆಗೆ ಬಂದ. ಸಣಕಲು ಮನುಷ್ಯ, ಮಾತು ಕಡಿಮೆ. ಮಗಳ ತಲೆ ಸವರಿ, ನನ್ನ ಕಡೆ ತಿರುಗಿ, ಹೆಂಗಾತ್ರಿ ಎಂದು ಕೇಳಿದ. ಬೀಳುವಾಗ ನಿಮ್ಮ ಮಗಳು ಕೈ ಬಿಡಲಿಲ್ಲ, ಅದಕ್ಕೇ ಹೀಗಾಯಿತು ಎಂದೆ. ಒಂದಕ್ಷರ ಸುಳ್ಳಿರಲಿಲ್ಲ ಅದರಲ್ಲಿ. ಆದರೂ ನನ್ನ ಜನ್ಮದಲ್ಲಿ ಅದಕ್ಕಿಂತ ದೊಡ್ಡ ಸುಳ್ಳು ಹೇಳಿಲ್ಲ. ಮಂಚದ ಮೇಲಿದ್ದ ಹುಡುಗಿ ಹೂಂ ಎಂದಳು. ತಪ್ಪು ತನ್ನದೇ, ಕೈ ಬಿಡಬೇಕಿತ್ತು ಎಂದಳು. ಅವಳು ಹಾಗೆಂದದ್ದು ನನ್ನನ್ನು ಉಳಿಸಲೋ, ನನ್ನ ಮಾತು ನಂಬಿಯೋ ಕೇಳುವ ಧೈರ್ಯ ನನಗಾಗಲಿಲ್ಲ. ಅಪ್ಪ ಹಾಸ್ಟೆಲ್ಲಿಗೆ ಹೋಗಿ ಅವಳ ಟ್ರಂಕು ತಂದ. ಇನ್ನು ಓದೂ ಬೇಡ ಆಟವೂ ಬೇಡ, ಎಲುಬು ಕೂಡಿದರೆ ಸಾಕು ಎಂದು ಅಲ್ಲಿನ ವಾರ್ಡನ್ ಹತ್ತಿರ ಹೇಳಿದನಂತೆ. ಇಬ್ಬರೂ ಹರಪನಹಳ್ಳಿಯ ಬಸ್ಸು ಹತ್ತಿದರು.

ಆಮೇಲೆ ನಾನು ಯಾರು ಸಿಕ್ಕರೂ ಅದೇ ಮಾತು ಹೇಳಿದೆ. ಅವಳು ಕೈ ಬಿಡಲಿಲ್ಲ. ಮೇಷ್ಟರಿಗೆ ಹೇಳಿದೆ, ಚಿಕ್ಕಪ್ಪನಿಗೆ ಹೇಳಿದೆ, ಕೇಳದವರಿಗೂ ಹೇಳಿದೆ. ಮನೆಯವರು ಹೆದರಿ ಬಿಡಿಸಿದ್ದರಿಂದ ಹದಿನಾಲ್ಕಿದ್ದ ಮಕ್ಕಳು ಏಳಾದರು. ಒಂದು ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪಕ್ಕದ ಮನೆಯವಳಿಗೆ ನಾನು ಮತ್ತೆ ಅದೇ ಕತೆ ಹೇಳಿ ಮುಗಿಸಿದ ಮೇಲೆ, ಆಕೆ ಹೋಗುವವರೆಗೆ ಕಾದು, ಮೊರ ಕೆಳಗಿಟ್ಟಳು.

"ಅಕಿ ಕೈ ಬಿಡಲಿಲ್ಲ, ಕೈ ಬಿಡಲಿಲ್ಲ ಅಂತ ಊರಿಗೆಲ್ಲ ಸಾರಿಕೋತ ಬಂದಿ. ನೀ ಬಿದ್ದಿದ್ರ ಏನಾಕ್ಕಿತ್ತು?"

ನನಗೆ ಸಿಟ್ಟು ನೆತ್ತಿಗೇರಿತು. ಆಟದ ಬಗ್ಗೆ ನಿನಗೇನು ಗೊತ್ತು ಎಂದು ಹರಿಹಾಯ್ದೆ. ಅವಳು ಮೊರ ಎತ್ತಿಕೊಂಡು ಹರಳು ಆರಿಸತೊಡಗಿದಳು. ನಿಮ್ಮಪ್ಪನ ಬೆನ್ನ ಮೇಲಿನ ಮಣ್ಣು ನಾನು ನೋಡಿದ್ದೆ ಎಂದಳು, ನನ್ನ ಕಡೆ ನೋಡದೆ. ಅಂದು ಅಂಗಿಯೊಳಗೆ, ಕಿವಿಯ ಹಿಂದೆಲ್ಲ ಉಳಿದಿತ್ತಂತೆ. ಒಗೆಯುವಾಗ ನೀರು ಕೆಂಪಗಾಯಿತಂತೆ. ಮಣ್ಣು ಹತ್ತಿದ್ದಕ್ಕೆ ತನಗೇನೂ ಅನಿಸಲಿಲ್ಲ, ಮುಚ್ಚಿಟ್ಟರಲ್ಲ ಅದಕ್ಕೆ ಅಳು ಬಂತು ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಎಲ್ಲಿಗೆ ಹೋಗುವುದೆಂದು ತಿಳಿಯದೆ ಗೋದಾಮಿನ ಬೀಗ ತೆಗೆದು ಒಳಗೆ ಒಬ್ಬಳೇ ಕೂತೆ.

ಆ ವಾರವೇ ಬಸ್ಸು ಹತ್ತಿದೆ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ, ಅರಸೀಕೆರೆಯಲ್ಲಿ ಇಳಿದು, ಮುಂದೆ ಮೂರು ಮೈಲಿ ನಡೆದೆ. ನೋಯುವ ಮೊಣಕಾಲಿಗೆ ಆ ದಾರಿ ಸರಿಯಾಗೇ ಬುದ್ಧಿ ಕಲಿಸಿತು. ಅವರ ಮನೆಯ ಮುಂದಿನ ಬೇವಿನ ಮರದ ಕೆಳಗೆ ಅಂದು ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಅಪ್ಪ ಕತ್ತರಿ ಹಿಡಿದಿದ್ದ, ಅವನ ತಾಯಿ ಒಂದೊಂದೇ ಕುರಿಯನ್ನು ಹಿಡಿದು ಕೆಡವಿ ಕೊಡುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ನನ್ನ ಸೊಂಟದಷ್ಟೂ ಎತ್ತರವಿಲ್ಲ. ಹುಡುಗಿ ಕಟ್ಟಿದ ಕೈಯಲ್ಲೇ ಎದ್ದು ಬಂದು, ಅಕ್ಕಾರ ಬಂದ್ರು ಎಂದು ಒಳಗೆ ಓಡಿ ನೀರು ತಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೇಳಲು ಬಂದದ್ದನ್ನು ಬಿಟ್ಟು ಕುರಿ ಎಷ್ಟಿವೆ ಎಂದು ಕೇಳಿದೆ. ನನ್ನನ್ನು ಮುದುಕಿ ಮೇಲಿಂದ ಕೆಳಗೆ ನೋಡಿ, ದೇಶ ದೇಶ ತಿರುಗಿ ಮಂದಿ ಕೆಡವಿದಾಕಿಯಂತೆ, ಒಂದು ಕುರಿ ಕೆಡವು ನೋಡೋಣ ಎಂದು ಚೇಷ್ಟೆ ಮಾಡಿದಳು. ನನಗೂ ಕೈಗೆ ಏನಾದರೂ ಕೆಲಸ ಬೇಕಿತ್ತು. ಒಂದು ಟಗರಿನ ಕಾಲು ಹಿಡಿದು, ಸೊಂಟ ಕೊಟ್ಟು, ಎಳೆದು ಕೆಡವಿದೆ. ಅದು ಧಡ್ ಎಂದು ಬಿದ್ದು ತಲೆ ಬಡಿದುಕೊಂಡು ಬ್ಯಾ ಎಂದು ಒದರಿತು. ಮುದುಕಿಯ ನಗು ಅಲ್ಲಿಗೇ ನಿಂತಿತು. ನನ್ನನ್ನು ಬದಿಗೆ ತಳ್ಳಿ ಟಗರಿನ ಕಿವಿ ತಿಕ್ಕಿ ಸಮಾಧಾನ ಮಾಡಿದಳು.

"ಕೆಡವೋದು ಬ್ಯಾರಿ, ಎತ್ತಿ ಒಗಿಯೋದು ಬ್ಯಾರಿ. ತಲಿಗಿ ಕೈ ಕೊಡಬೇಕವ್ವ. ನಂಬಿ ಬೀಳತೈತಿ ಅದು."

ಮೊಮ್ಮಗಳ ಅಭ್ಯಾಸ ಎಲ್ಲಿಂದ ಬಂತೆಂದು ಆಗ ತಿಳಿಯಿತು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯೂ ಆಯಿತು. ಅಲ್ಲೇ ಉಣ್ಣೆಯ ರಾಶಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕೈ ಬಿಡದ್ದು ಅವಳ ತಪ್ಪಲ್ಲ, ನನ್ನ ತಲೆ ಉಳಿಸಲೆಂದೇ ಹಿಡಿದಿದ್ದಳು. ಬೀಳಬೇಕಾಗಿದ್ದವಳು ನಾನು, ಜನರ ಮುಂದೆ ಬೀಳಲು ಮನಸ್ಸಾಗದೆ ಅವಳ ಮೇಲೆ ಬಿದ್ದೆ, ಆಸ್ಪತ್ರೆಯಲ್ಲಿ ಅದನ್ನು ಮುಚ್ಚಿಟ್ಟೆ ಎಂದೆ. ಅವನು ಕತ್ತರಿ ನಿಲ್ಲಿಸಿ ಕೇಳಿಸಿಕೊಂಡ. ಆಮೇಲೆ, ನಿಜವಾಗಿಯೂ ತಿಳಿಯದವನ ಹಾಗೆ, ಬಿದ್ದಿದ್ದರೆ ನಿಮಗೇನಾಗುತ್ತಿತ್ತು ಎಂದು ಕೇಳಿದ. ಅವ್ವ ಕೇಳಿದ್ದೂ ಅದನ್ನೇ. ಅವ್ವನ ಮೇಲೆ ಹರಿಹಾಯ್ದ ಹಾಗೆ ಇವನ ಮೇಲೆ ಹರಿಹಾಯಲು ಆಗಲಿಲ್ಲ. ಏನೂ ಆಗುತ್ತಿರಲಿಲ್ಲ ಎಂದೆ.

ಅವನು ಆ ಕುರಿಯ ಉಣ್ಣೆ ಪೂರ್ತಿ ಕತ್ತರಿಸಿ, ಅದನ್ನು ಎಬ್ಬಿಸಿ ಕಳಿಸಿ, ಕತ್ತರಿಯನ್ನು ಒರೆಸಿದ.

"ಎಲುಬು ಕೂಡಲಿ. ನಾನ ಕರಕೊಂಡು ಬರ್ತೀನಿ. ನನ್ನ ಕಣ್ಣ ಮುಂದ ಅಕಿ ಕೈಲಿಂದ ನೀವು ಬೀಳಬೇಕ್ರಿ. ಬಿದ್ರ ಬಿಟ್ಟು ಹೋಗ್ತೀನಿ. ಇಲ್ಲಂದ್ರ ಅದ ಬಸ್ಸಿಗಿ ವಾಪಸ್ಸು."

ಒಪ್ಪಿಕೊಂಡು ಬಂದೆ. ಇದೇನು ಮಹಾ, ಬಿದ್ದರಾಯಿತು ಎಂದುಕೊಂಡಿದ್ದೆ. ಅಯ್ಯೋ, ಅದು ಎಷ್ಟು ಕಷ್ಟವೆಂದು ಆಮೇಲೆ ಗೊತ್ತಾಯಿತು. ಉಳಿದ ಏಳು ಮಕ್ಕಳನ್ನು ಕರೆದು, ನನ್ನನ್ನು ಕೆಡವಿ ಎಂದೆ. ಅವರು ಹೆದರಿ ಹೆದರಿ ಬಂದರು. ಬೀಳು ಎಂದು ಬುದ್ಧಿ ಹೇಳುತ್ತದೆ, ಮೈ ಕೇಳುವುದಿಲ್ಲ. ಕಾಲು ನೆಲ ಬಿಡುವುದೇ ತಡ, ಸೊಂಟ ತಾನಾಗಿ ತಿರುಗುತ್ತದೆ, ಕೈ ತಾನಾಗಿ ಚಾಚುತ್ತದೆ. ಕಣ್ಣು ಮುಚ್ಚಿಕೊಂಡು ನಿಂತೆ, ಆಗಲೂ ಅದೇ. ಒಬ್ಬ ಹುಡುಗಿ, ಹೋಗ್ಲಿ ಬಿಡ್ರಿ ಅಕ್ಕಾರ, ನಿಮಗ ಬರಂಗಿಲ್ಲ ಅದು ಎಂದು ನನ್ನನ್ನೇ ಸಮಾಧಾನ ಮಾಡಿದಳು. ಹದಿನೇಳು ವರ್ಷ ತಿದ್ದಿದ ಮೈಯನ್ನು ಕೆಲವೇ ವಾರದಲ್ಲಿ ಬೇರೆ ಕಡೆ ತಿರುಗಿಸುವುದು ಹೇಗೆ? ಆಯ್ಕೆಯ ದಿನ ಬಂದು ಹೋಯಿತು. ಆ ವರ್ಷದ ಸೀಟು ಕೈಬಿಟ್ಟಿತು. ಇನ್ನು ಉಳಿದಿದ್ದು ಅವಳು ಶಾಲೆಗೆ ಮರಳುವಳೇ ಇಲ್ಲವೇ ಎಂಬುದೊಂದೇ, ಅದು ನನ್ನ ಬೆನ್ನ ಮೇಲೆ ನಿಂತಿತ್ತು.

ಅವರು ಬಂದದ್ದು ಸಂತೆಯ ದಿನ. ಅಪ್ಪ, ಅಜ್ಜಿ, ಹುಡುಗಿ. ಟ್ರಂಕನ್ನೂ ತಂದಿದ್ದರು, ಅದನ್ನು ಗೋದಾಮಿನ ಬಾಗಿಲಲ್ಲೇ ಇಟ್ಟರು. ಎಲುಬು ಗಟ್ಟಿಯಾಗಿದೆ, ಆಡಬಹುದು ಎಂದು ಡಾಕ್ಟರು ಹೇಳಿದ್ದರು. ಸುದ್ದಿ ಹೇಗೋ ಹರಡಿ ಸಂತೆಗೆ ಬಂದವರೂ ಬಾಗಿಲಲ್ಲಿ ಗುಂಪುಗೂಡಿದರು. ಹಳೇ ಪೈಲ್ವಾನರೂ ಬಂದರು, ಮಿರ್ಚಿ ಹೋಟೆಲಿನ ಕಾಕಾನೂ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದ. ಎಲ್ಲರನ್ನೂ ಹೊರಗೆ ಹಾಕಿಬಿಡಲೇ ಎನಿಸಿತು. ಹಾಕಲಿಲ್ಲ. ಅವ್ವ ಒಳಗೆ ಬಂದು ಮಕ್ಕಳ ಜೊತೆ ನೆಲದ ಮೇಲೆ ಕೂತಳು. ನನ್ನ ಆಟ ನೋಡಲು ಅವಳು ಬಂದದ್ದು ಅದೇ ಮೊದಲು.

ಹುಡುಗಿ ನನ್ನ ಕಾಲರ್ ಹಿಡಿದಳು, ತೋಳು ಹಿಡಿದಳು. ಎರಡು ಹೆಜ್ಜೆ ಹಿಂದೆ ಮುಂದೆ ಆಡಿ ಒಳಗೆ ತಿರುಗಿದಳು. ನನ್ನ ಕಾಲು ಹಗುರಾಯಿತು. ಅಷ್ಟರಲ್ಲಿ ಶುರುವಾಯಿತು ನೋಡಿ, ಸೊಂಟ ಕಲ್ಲಾಯಿತು, ಕೈ ಬಿಗಿಯಿತು, ಕಾಲು ಅವಳ ಕಾಲನ್ನು ಹುಡುಕತೊಡಗಿತು. ಅವಳಿಗೆ ಗೊತ್ತಾಯಿತು. ಎಸೆಯಲಿಲ್ಲ, ಬಿಡಲೂ ಇಲ್ಲ. ನನ್ನನ್ನು ಅರ್ಧ ಹೊತ್ತುಕೊಂಡೇ ನಿಂತು, ನನಗೊಬ್ಬಳಿಗೇ ಕೇಳುವಂತೆ, ಅವಳಜ್ಜಿ ಟಗರನ್ನು ಸಮಾಧಾನ ಮಾಡಿದ ದನಿಯಲ್ಲೇ ಹೇಳಿದಳು.

"ಸಡ್ಲ ಬಿಡ್ರಿ ಅಕ್ಕಾರ. ನಾ ಹಿಡಕೊಂಡೀನಿ."

ಅವಳ ಹೆಗಲ ಮೂಳೆ ಕೂಡಿದ ಜಾಗ ನನ್ನ ಕಣ್ಣ ಮುಂದೆಯೇ ಇತ್ತು, ಸ್ವಲ್ಪ ಉಬ್ಬಿಕೊಂಡಿತ್ತು. ನಾನು ಮುರಿದದ್ದು. ಅದೇ ಹೆಗಲಿನ ಕೈಯಲ್ಲಿ ನನ್ನ ತೋಳು ಹಿಡಿದಿದ್ದಳು. ನನ್ನೊಳಗೆ ಏನು ಸಡಿಲಾಯಿತೋ ಹೇಳಲಾರೆ. ಉಸಿರು ಬಿಟ್ಟೆ. ಸೂರು ತಿರುಗಿತು. ಅಂಗೈ ತಾಡಪಾಲಿಗೆ ಬಡಿಯಿತು, ಬೆನ್ನು ಪೂರ್ತಿ, ಎರಡೂ ಹೆಗಲು, ಹೊಟ್ಟಿನ ಮೇಲೆ ಗರ್ ಎಂದು ಇಳಿಯಿತು. ತಲೆ ನೆಲಕ್ಕೆ ತಾಕಲೇ ಇಲ್ಲ. ತೋಳು ಅವಳ ಕೈಯಲ್ಲೇ ಇತ್ತು.

ಬೆಂಚಿನಲ್ಲಿದ್ದ ಪೈಲ್ವಾನರಲ್ಲಿ ಒಬ್ಬರು ಶಾಭಾಸ್ ಎಂದರು, ಯಾರಿಗೆ ಎಂದು ನನಗೆ ಗೊತ್ತಾಗಲಿಲ್ಲ. ಪೆಟ್ಟಾತೇನ್ರಿ ಎಂದು ಹುಡುಗಿ ಬಗ್ಗಿ ಕೇಳುತ್ತಿದ್ದಳು. ನನಗೆ ನಗು ಬಂತು. ಮಲಗಿದಲ್ಲೇ ನಗತೊಡಗಿದೆ, ಕಣ್ಣಲ್ಲಿ ನೀರೂ ಬಂತು. ಎದ್ದು, ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಕೆಡವಿದಳು. ಆಮೇಲೆ ಏಳೂ ಮಕ್ಕಳು ಸಾಲು ಹಚ್ಚಿ ನಿಂತು ತಮಗೂ ಬೇಕೆಂದರು. ಎಲ್ಲರೂ ಕೆಡವಿದರು. ಆಮೇಲೆ ಅವರವರಲ್ಲೇ ಕೆಡವಿಕೊಂಡರು, ಅಂದು ಒಬ್ಬರೂ ಮೊಣಕೈ ಊರಲಿಲ್ಲ. ನೋಡುನೋಡುತ್ತಿದ್ದಂತೆ ಅಪ್ಪ ಎದ್ದು ಹೋಗಿ ಬಾಗಿಲಲ್ಲಿದ್ದ ಟ್ರಂಕನ್ನು ಹೆಗಲಿಗೇರಿಸಿಕೊಂಡು ಹಾಸ್ಟೆಲ್ಲಿನ ದಾರಿ ಹಿಡಿದ.

ಬೆವರಿಗೆ ಕೆಂಪು ಹೊಟ್ಟು ಮೆತ್ತಿ ನನ್ನ ಬಿಳಿ ಅಂಗಿಯ ಬೆನ್ನಿನ ಬಣ್ಣವೇ ಬದಲಾಗಿತ್ತಂತೆ. ಮುದುಕಿ ಸೆರಗು ಹಿಡಿದು ಒರೆಸಲು ಬಂದಳು. ಅವ್ವ ಅವಳ ಕೈ ಹಿಡಿದು, ಇರಲಿ ಬಿಡ್ರಿ ಯವ್ವ ಎಂದಳು. ಹಾಗೇ ಸಂತೆಯ ನಡುವೆ ಹಾಯ್ದು ಎಲ್ಲರನ್ನೂ ಮಿರ್ಚಿ ಹೋಟೆಲಿಗೆ ಕರೆದುಕೊಂಡು ಹೋದೆ.

ಎರಡು ವರ್ಷದ ಮೇಲೆ ಅಲ್ಲಿ ಕಾಲಿಟ್ಟಿದ್ದೆ. ಫೋಟೊಗೆ ಬೆನ್ನು ಮಾಡಿಯೇ ಕೂತೆ, ಅಷ್ಟು ಬೇಗ ಎಲ್ಲ ಬಿಡುತ್ತದೆಯೇ? ಹುಡುಗಿ ನನ್ನೆದುರು ಕೂತು, ಮಂಡಕ್ಕಿಯನ್ನು ಬೊಗಸೆಯಲ್ಲಿ ಬಾಯಿಗೆ ತುಂಬಿಕೊಳ್ಳುತ್ತಾ ನನ್ನ ತಲೆಯ ಮೇಲಿನಿಂದ ಗೋಡೆಯನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಬಾಯಲ್ಲಿದ್ದುದನ್ನು ನುಂಗಿ ಬೆರಳು ತೋರಿಸಿದಳು.

"ಇಕಿನೂ ಬಿಟ್ಟಿಲ್ಲ ನೋಡ್ರಿ ಅಕ್ಕಾರ."

ಎದ್ದು ಹೋಗಿ ನೋಡಿದೆ. ಇಷ್ಟು ವರ್ಷ ಆ ಫೋಟೊದಲ್ಲಿ ನನ್ನ ಬೆನ್ನು, ನನ್ನ ಕಾಲು, ನನ್ನ ತೆರೆದ ಬಾಯಿ ಬಿಟ್ಟರೆ ಬೇರೇನೂ ನನಗೆ ಕಂಡಿರಲಿಲ್ಲ. ಎಣ್ಣೆಯ ಹೊಗೆ ಹಿಡಿದ ಗಾಜನ್ನು ಹೆಬ್ಬೆರಳಿನಿಂದ ಒರೆಸಿದೆ. ನನ್ನನ್ನು ಕೆಡವಿದ ಆ ಹುಡುಗಿಯ ಮುಷ್ಟಿಯಲ್ಲಿ ನನ್ನ ತೋಳಿತ್ತು. ಅದನ್ನು ಮೇಲಕ್ಕೆ ಜಗ್ಗಿದ್ದಳು. ಗೆದ್ದವಳು ತೀರ್ಪುಗಾರನ ಕಡೆ ನೋಡುತ್ತಿರಲಿಲ್ಲ, ನನ್ನ ತಲೆ ಎಲ್ಲಿ ಬೀಳುತ್ತದೆಂದು ನೋಡುತ್ತಿದ್ದಳು. ಅವಳನ್ನು ನಾನು ಮನಸ್ಸಿನಲ್ಲಿ ಬೈಯದ ದಿನವಿರಲಿಲ್ಲ.

ಕಾಕಾ ಮಿರ್ಚಿ ಎತ್ತುವ ಜಾಲರಿ ಕೈಯಲ್ಲೇ ಹಿಡಿದು ಹತ್ತಿರ ಬಂದ. ನಾನು ಮತ್ತೆ ಜಗಳ ತೆಗೆಯುತ್ತೇನೆಂದು ಅಂದುಕೊಂಡನೋ ಏನೋ, ಬೇಕಾದರೆ ತೆಗೆದುಬಿಡುತ್ತೇನೆ ಎಂದ.

"ಇರಲಿ ಬಿಡ್ರಿ ಕಾಕಾ. ಒಂಚೂರು ಕೆಳಗ ಹಾಕ್ರಿ. ಹುಡುಗ್ರಿಗೆ ಆ ಕೈ ಕಾಣಬೇಕು."

ಅವನು ಒಳಗಿನಿಂದ ಗುಂಡುಕಲ್ಲು ತಂದು, ಗೋಡೆಯಲ್ಲಿ ಎರಡು ಗೇಣು ಕೆಳಗೆ ಮೊಳೆ ಹೊಡೆದ.